ಕಬ್ಬಿಣದ ಪೈಪ್ ಇಲ್ಲದೆ ಫೈಬರ್ ಬಾರ್ ಸ್ಟೂಲ್

ಒಂಟಿ ಕಾಲಿನ ಬಾರ್ ಸ್ಟೂಲನ್ನು ಪೂರ್ತಿ ಫೈಬರ್‌ನಲ್ಲೇ, ಅಂದರೆ ಗಾಜಿನ ಎಳೆಗೆ ರೆಸಿನ್ ಎಂಬ ಅಂಟುದ್ರವ ಹಿಡಿಸಿ, ಮಾಡುತ್ತೇನೆ ಅಂದಾಗ ತುಮಕೂರಿನ ಅಂತರಸನಹಳ್ಳಿ ಕಡೆ ನಕ್ಕವರೇ ಜಾಸ್ತಿ. "ಒಳಗೆ ಒಂದು ಕಬ್ಬಿಣದ ಪೈಪ್ ತೂರಿಸಪ್ಪ, ಸುಮ್ನೆ ಯಾಕೆ ಒದ್ದಾಡ್ತೀಯಾ" ಅಂತ ಪಕ್ಕದ ಶೆಡ್ಡಿನ ವೆಲ್ಡಿಂಗ್ ಅಣ್ಣ ದಿನಾ ಹೇಳುತ್ತಿದ್ದರು. ಈಗ ಅವರು ಟೀ ಕುಡಿಯುವುದೇ ಅದರ ಮೇಲೆ ಕೂತು.

ಸೀಟಿನ ಎತ್ತರ 30 ಇಂಚು, ಕಾಲಿಡುವ ರಿಂಗ್ ನೆಲದಿಂದ ಒಂದಡಿ. ರಿಂಗ್ ಮಾತ್ರ ಸ್ಟೀಲ್. ಶೂ ಉಜ್ಜುವ ಜಾಗದಲ್ಲಿ ಜೆಲ್‌ಕೋಟ್, ಅಂದರೆ ಫೈಬರ್ ಮೇಲಿನ ಬಣ್ಣದ ಹೊಳಪು ಪದರ, ನಿಲ್ಲುವುದಿಲ್ಲ ಬಿಡಿ.

ಮೊದಲ ಪೀಸುಗಳಿಗೆ 450ರ ಮ್ಯಾಟ್ (ಚದರ ಮೀಟರಿಗೆ 450 ಗ್ರಾಂ ತೂಗುವ, ತುಂಡು ಗಾಜಿನ ಎಳೆಗಳ ಹಾಸು) ನಾಲ್ಕು ಪದರ ಹಾಕಿದ್ದೆ. ಸೀಟಿನ ಮೇಲೆ ನಾಲ್ಕು ಸಿಮೆಂಟ್ ಮೂಟೆ, ಅಂದರೆ 200 ಕೆಜಿ, ರಾತ್ರಿಯಿಡೀ ಇಟ್ಟರೂ ಏನೂ ಆಗಲಿಲ್ಲ. ಬೆಳಿಗ್ಗೆ ನಮ್ಮ ಹುಡುಗ ಕೂತು, ರಿಂಗಿನ ಮೇಲೆ ಕಾಲಿಟ್ಟು, ಹಿಂದೆ ನಿಂತವನ ಕಡೆ ತಿರುಗಿದ ನೋಡಿ, ಟಪ್ ಅಂತ ಸದ್ದು. ಸೀಟು ಕಂಬಕ್ಕೆ ಸೇರುವ ಕತ್ತಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ. ಪದರ ಹೆಚ್ಚಿಸಿದರೆ ತೂಕ ಏರಿತು, ಗೆರೆ ಮತ್ತೆ ಅಲ್ಲೇ. ರೆಸಿನ್ ಕೆಜಿಗೆ ಇನ್ನೂರರ ಆಸುಪಾಸು, ಮೋಲ್ಡಿಗೇ ಹದಿನೈದು ಸಾವಿರದ ಮೇಲೆ ಹೋಗಿತ್ತು. ಮನೆಯಲ್ಲಿ ಲೆಕ್ಕ ಕೇಳಲು ಶುರು ಮಾಡಿದ್ದರು.

ಮೂಟೆ ನೇರ ಕೆಳಗೆ ಒತ್ತುತ್ತದೆ, ಮನುಷ್ಯ ತಿರುಚುತ್ತಾನೆ. ತಿರುಚಿದಾಗ ಎಳೆತ ಬೀಳುವುದು ಓರೆಗೆ, ಅಲ್ವಾ? ಹಾಗಾಗಿ ಕತ್ತಿಗೂ ಕಂಬಕ್ಕೂ ಮ್ಯಾಟ್ ಕಡಿಮೆ ಮಾಡಿ ರೋವಿಂಗ್ ಬಟ್ಟೆಯನ್ನು, ಅಂದರೆ ಉದ್ದ ಗಾಜಿನ ಎಳೆಗಳಿಂದ ನೇಯ್ದದ್ದನ್ನು, 45 ಡಿಗ್ರಿ ಓರೆ ಕತ್ತರಿಸಿ ಸುತ್ತಿದೆ. ಪಟ್ಟಿಗಳು ಕಂಬದಿಂದ ಸೀಟಿನ ಅಡಿಗೆ ಒಂದು ಗೇಣು ಹಬ್ಬುತ್ತವೆ. ಕತ್ತಿನ ಚೂಪು ಮೂಲೆ ತೆಗೆದು ಒಂದೂವರೆ ಇಂಚಿನ ದುಂಡು ಕೊಟ್ಟೆ. ಆ ದುಂಡಿಗೆ ತುಂಬುವ ಪೇಸ್ಟಿನಲ್ಲಿ ಏನಿದೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಕಂಬ ಸುತ್ತುವುದು ಪಿವಿಸಿ ಪೈಪಿನ ಮೇಲೆ, ಅಂಟದಿರಲಿ ಅಂತ ನಡುವೆ ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಶೀಟ್. ಸೆಟ್ ಆದ ಮೇಲೆ ಪೈಪ್ ಎಳೆದರೆ ಬರುತ್ತದೆ.

ಕತ್ತು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ತಲೆನೋವು. ಸ್ಟೂಲ್ ಎಷ್ಟು ಹಗುರವೆಂದರೆ ಹತ್ತಲು ಹೋದವರ ಜೊತೆ ಅದೂ ವಾಲುತ್ತಿತ್ತು. ಅಡಿಯ ತಟ್ಟೆಯನ್ನು ಒಂದೂವರೆ ಅಡಿ ಅಗಲ ಮಾಡಿ, ಒಳಗೆ ಒಣ ಎಂ-ಸ್ಯಾಂಡ್ ಮತ್ತು ರೆಸಿನ್ ಕಲಸಿ ತುಂಬಿದೆ. ಏಪ್ರಿಲ್ ಬಿಸಿಲಲ್ಲಿ ಒಂದೇ ಸಲ ಸುರಿದದ್ದು ಕೈ ಇಡಲಾಗದಷ್ಟು ಕಾದು ಬಿರುಕು ಬಿಟ್ಟಿತು. ಈಗ ಅರ್ಧ ಇಂಚಿನಂತೆ ಸುರಿದು, ತಣ್ಣಗಾದ ಮೇಲೆ ಇನ್ನೊಂದು ಸುತ್ತು. ರೆಸಿನ್ ಗಟ್ಟಿ ಮಾಡುವ ಹಾರ್ಡ್‌ನರ್ ಬೇಸಿಗೆಯಲ್ಲಿ ಶೇಕಡ 1ರ ಹತ್ತಿರ, ಡಿಸೆಂಬರ್ ಬೆಳಿಗ್ಗೆಯ ಚಳಿಗೆ ಶೇಕಡ 2.

ನಡುವೆ ತಿಪಟೂರು ಕಡೆಯ ತೆಂಗಿನ ನಾರನ್ನೂ ಪ್ರಯತ್ನಿಸಿದೆ. ಹಾಗೇ ಹಾಕಿದರೆ ರೆಸಿನ್ ಹಿಡಿಯುವುದಿಲ್ಲ, ಎಳೆದರೆ ನಾರು ನಾರಾಗಿ ಈಚೆಗೆ ಬರುತ್ತದೆ. ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಗರಿಗರಿ ಒಣಗಿಸಿದ ಮೇಲೆ ಹಿಡಿಯಿತು. ಸ್ವಲ್ಪ ತೇವ ಉಳಿದರೂ ಗುಳ್ಳೆ. ಗ್ಲಾಸ್ ಫೈಬರ್‌ನಷ್ಟು ಬಲ ಬರಲಿಲ್ಲ, ಆದ್ದರಿಂದ ಕಂಬಕ್ಕೆ ಅದನ್ನು ಮುಟ್ಟಿಸಲ್ಲ. ಸೀಟಿನ ಮೇಲ್ಪದರಕ್ಕೆ ಮಾತ್ರ ಹಾಕಿ, ಬಣ್ಣ ಹಚ್ಚದೆ ಕ್ಲಿಯರ್ ಕೋಟ್ ಕೊಡುತ್ತೇನೆ.

ಮೋಲ್ಡ್ ಬಿಟ್ಟು ಒಂದು ಸ್ಟೂಲಿಗೆ ಎರಡೂವರೆ ಸಾವಿರದಷ್ಟು ಬೀಳುತ್ತದೆ, ಅದರಲ್ಲಿ ಕೂಲಿಯೇ ಸಾವಿರ. ನಾಲ್ಕು ಸಾವಿರಕ್ಕೆ ಕೊಡುತ್ತೇನೆ. ಬೆಂಗಳೂರಿನ ಗಿರಾಕಿಗಳು ನಾರಿನ ಸೀಟಿಗೆ ಐನೂರು ಜಾಸ್ತಿ ಕೊಡುತ್ತಾರೆ, ಊರಿನವರು ಮಾತ್ರ ಬಿಳಿ ಜೆಲ್‌ಕೋಟೇ ಬೇಕು ಅನ್ನುತ್ತಾರೆ.