ಹಳೆಯ ಮನೆಯ ನೆಲಕ್ಕೆ ಟೈಲ್ಸ್ ಹಾಕಿಸುವ ಮುನ್ನ ತೇವದ ಮೂಲ ಹುಡುಕಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳಲ್ಲಿ ಆಷಾಢ ಬಂತೆಂದರೆ ಪಡಸಾಲೆಯ ನೆಲ ಒಸರತೊಡಗುತ್ತದೆ, ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತದೆ. ಇದಕ್ಕೆ ಈಗ ಹಲವರು ಹಿಡಿದಿರುವ ದಾರಿಯೆಂದರೆ ಇದ್ದ ನೆಲದ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು. ಆದರೆ ನೀರಿನ ಮೂಲ ತಿಳಿಯದೆ ನೆಲವನ್ನು ಮುಚ್ಚಿದರೆ, ಅಲ್ಲಿ ಆರುತ್ತಿದ್ದ ತೇವ ಪಕ್ಕದ ಗೋಡೆಗೆ ಏರುತ್ತದೆ.

ಮೊದಲು ನೆಲದ ರಚನೆಯನ್ನು ತಿಳಿಯಬೇಕು. ಕಾಡುಕಲ್ಲು ಅಥವಾ ಜಂಬಿಟ್ಟಿಗೆಯಿಂದ ಪಂಚಾಂಗ (ಗೋಡೆಯ ಕೆಳಗಿನ, ನೆಲಮಟ್ಟದ ಕಟ್ಟೆ) ಕಟ್ಟಿ, ಒಳಗೆ ಮಣ್ಣು ತುಂಬಿ, ನೀರು ಹೊಯ್ದು, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸುವುದು ಹಿಂದಿನ ಕ್ರಮವಾಗಿತ್ತು; ಗಾರೆಯೂ ಸಿಮೆಂಟಿನ ಕೆಂಪು ನೆಲವೂ ಎಷ್ಟೋ ಮನೆಗಳಲ್ಲಿ ಅದರ ಮೇಲೆಯೇ ಬಂದವು. ಇಂಥ ನೆಲದಡಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆಳೆಯುತ್ತವೆ, ಸಗಣಿ ನೆಲ ಅದನ್ನು ಗಾಳಿಗೆ ಬಿಡುತ್ತದೆ.

ಮುಂದಿನ ಹೆಜ್ಜೆ ಒಂದು ಸರಳ ಪರೀಕ್ಷೆ. ನೆಲ ಒರೆಸಿ ಒಣಗಿಸಿ, 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ನೀರು ಕಂಡರೆ ತೇವ ನೆಲದಿಂದ ಬರುತ್ತಿದೆ. ಮೇಲ್ಭಾಗ ಮಾತ್ರ ಒದ್ದೆಯಾಗಿದ್ದರೆ ಮಳೆಗಾಲದ ತೇವದ ಗಾಳಿಯೇ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತಿದೆ. ಆಗ ನೆಲವನ್ನು ಅಗೆಯುವ ಅಗತ್ಯವೇ ಇಲ್ಲ.

ನೆಲದಿಂದಲೇ ಬರುತ್ತಿದೆಯೆಂದಾದರೆ ಮನೆಯ ಹೊರಗೆ ಹೋಗಿ, ಜೋರು ಮಳೆಯಲ್ಲೇ ಒಂದು ಸುತ್ತು ಬನ್ನಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾಗುವ ಆಗುಂಬೆಯಂಥ ಊರು ಇರುವ ಈ ಸೀಮೆಯಲ್ಲಿ, ಗುಡ್ಡ ಕಡಿದು ಕಟ್ಟಿದ ಮನೆಗೆ ಹಿಂದಿನ ಧರೆಯೇ, ಅಂದರೆ ಕಡಿದುಳಿದ ಗುಡ್ಡದ ಕಡಿದಾದ ಮೈಯೇ, ನೀರಿನ ದೊಡ್ಡ ಮೂಲ. ಧರೆಯ ಬುಡದಲ್ಲಿ, ಗೋಡೆಯಿಂದ ಸಾಕಷ್ಟು ದೂರದಲ್ಲಿ, ಅಡಿಕೆ ತೋಟದಲ್ಲಿ ತೆಗೆಯುವಂತೆಯೇ ಬಸಿಗಾಲುವೆ ತೆಗೆಸಿ, ನೀರು ಮನೆಯ ಪಕ್ಕದಿಂದ ತಗ್ಗಿಗೆ ಹರಿದುಹೋಗುವಂತೆ ಇಳಿಜಾರು ಕೊಡಬೇಕು. ಪಾಯದ ತಳಕ್ಕಿಂತ ಆಳಕ್ಕೆ ಗೋಡೆಯ ಪಕ್ಕದಲ್ಲಿ ಮಾತ್ರ ಎಂದಿಗೂ ಅಗೆಯಬಾರದು, ಗೋಡೆ ಕುಸಿದೀತು. ಸೂರಿನ ನೀರು ಪಂಚಾಂಗದ ಬುಡಕ್ಕೆ ಬೀಳುತ್ತಿದ್ದರೆ ಸೂರಿನ ಅಂಚಿಗೆ ನೀರು ಹಿಡಿದು ಸಾಗಿಸುವ ದೋಣಿ ಕಟ್ಟಿಸಿ. ಮಣ್ಣು, ಇಂಟರ್‌ಲಾಕ್ ಹಾಕಿಸಿ ಅಂಗಳವನ್ನು ಒಳಗಿನ ನೆಲದ ಮಟ್ಟಕ್ಕೇ ಎತ್ತರಿಸಿದ್ದರೆ ಅದನ್ನು ತಗ್ಗಿಸಲೇಬೇಕು. ಬಚ್ಚಲಿನ ನೀರು ಹೋಗುವ ದಾರಿಯನ್ನೂ ನೋಡಿ.

ಇಷ್ಟು ಮಾಡಿ ಒಂದು ಮಳೆಗಾಲ ಕಾಯುವುದು ಉತ್ತಮ. ಆಮೇಲೂ ನೆಲ ಒಸರಿದರೆ, ದೀಪಾವಳಿ ಕಳೆದು ಮಣ್ಣು ಆರಿದ ಮೇಲೆ ಅದನ್ನು ಅಗೆಸಿ, ಪುಡಿಯಿಲ್ಲದ ದಪ್ಪ ಜಲ್ಲಿಯನ್ನು ಸುಮಾರು 6 ಇಂಚು ಹಾಸಿಸಿ. ದೊಡ್ಡ ಸಂದುಗಳ ಮೂಲಕ ನೀರು ಮೇಲೇರಲಾರದು. ಅದರ ಮೇಲೆ ತೆಳುವಾಗಿ ಮರಳು, 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಾಂಕ್ರೀಟು. ಮಣ್ಣಿನ ಗೋಡೆಯ ಬುಡಕ್ಕೆ ಸಿಮೆಂಟ್ ಗಿಲಾವು ಬೇಡ, ಸುಣ್ಣದ ಗಾರೆಯನ್ನೇ ಮಾಡಿಸಿ. ಗೋಡೆಯಲ್ಲಿ ಉಳಿದ ತೇವ ಅದರ ಮೂಲಕ ನಿಧಾನವಾಗಿ ಆರುತ್ತದೆ.