ಮಳಿಗೆಗಾಗಿ ಬಿತ್ತುವುದು

ಸಗಟು ಮಾರುಕಟ್ಟೆಗೆ ಬೆಳೆಯುವುದೇ ಬೇರೆ, ಹೊಲದ ಬದಿಯ ಸ್ವಂತ ಮಳಿಗೆಗೆ ಬೆಳೆಯುವುದೇ ಬೇರೆ. ಅಜ್ಜ ಮತ್ತು ಅಪ್ಪ ಬೆಳೆದದ್ದು ಮಾರುಕಟ್ಟೆಗೆ: ಒಂದೇ ತರಕಾರಿ, ಒಂದೇ ಸಲದ ಬಿತ್ತನೆ, ಲಾರಿ ತುಂಬುವಷ್ಟು ಮಾಲು. ಮಳಿಗೆಗೆ ಬರುವವರಿಗೆ ಬೇಕಿರುವುದು ವಾರ ವಾರವೂ ಸ್ವಲ್ಪ ಸ್ವಲ್ಪ. ಒಂದಿಷ್ಟು ಹುರುಳಿಕಾಯಿ, ಎರಡು ಕಟ್ಟು ಸೊಪ್ಪು, ನಾಲ್ಕು ಟೊಮೆಟೊ. ಎರಡು ವಾರ ಸತತವಾಗಿ ಮೇಜು ಬರಿದಾಗಿ ಕಂಡರೆ ಮೂರನೆಯ ವಾರ ಅವರು ಗಾಡಿ ನಿಲ್ಲಿಸುವುದಿಲ್ಲ. ಹಾಗಾಗಿ ಮಳಿಗೆಯ ಹೊಣೆ ಹೊತ್ತ ಮೇಲೆ ನಾನು ಮೊದಲು ಕೈ ಹಾಕಿದ್ದು ಬಿತ್ತನೆಯ ಕ್ರಮಕ್ಕೆ.

ಮಳಿಗೆ ತೆರೆಯುವ ದಿನವನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಸಣ್ಣ ಗುಂಡು ಮೂಲಂಗಿಗೆ 25ರಿಂದ 30 ದಿನ, ಹುರುಳಿಕಾಯಿ ಮತ್ತು ಸೌತೆಗೆ 50ರಿಂದ 60 ದಿನ, ಟೊಮೆಟೊಗೆ ಸಸಿ ನಾಟಿ ಮಾಡಿದ ಮೇಲೆ 60ರಿಂದ 80 ದಿನ. ಒಂದೇ ದೊಡ್ಡ ತಾಕಿನ ಬದಲು ಸಣ್ಣ ಸಣ್ಣ ಮಡಿಗಳನ್ನು ಸರದಿಯಲ್ಲಿ ಬಿತ್ತುತ್ತೇನೆ. ಹುರುಳಿಕಾಯಿಗೆ ಎರಡು ವಾರದ ಅಂತರ ಎಂದು ಹೇಳುವುದುಂಟು. ಆದರೆ ಅಪ್ಪ ಕಲಿಸಿದ ಗುರುತು ಇನ್ನೂ ನಂಬಿಕಸ್ತವಾದುದು: ಹಿಂದಿನ ಮಡಿಯ ಸಸಿಗಳಲ್ಲಿ ಮೊದಲ ಮೂರೆಲೆಯ ಗೊಂಚಲು ಬಿಚ್ಚಿದಾಗ ಮುಂದಿನ ಮಡಿಗೆ ಬೀಜ ಊರಬೇಕು. ಚಳಿಯಲ್ಲಿ ಮೊಳಕೆ ತಡವಾಗುತ್ತದೆ. ಕ್ಯಾಲೆಂಡರ್ ಹಿಡಿದು ಬಿತ್ತಿದರೆ ಹಿಂದುಮುಂದಿನ ಎರಡು ಮಡಿಗಳು ಒಟ್ಟಿಗೇ ಕೊಯ್ಲಿಗೆ ಬಂದುಬಿಡುತ್ತವೆ. ಎಲೆ ನೋಡಿ ಬಿತ್ತಿದರೆ ಅಂತರ ಬಹುಪಾಲು ಉಳಿಯುತ್ತದೆ.

ಅಪ್ಪನಿಗೆ ಈ ಸಣ್ಣ ಮಡಿಗಳು ಇಷ್ಟವಾಗಲಿಲ್ಲ. ‘ಇದು ಹಿತ್ತಲಿನ ಬೇಸಾಯ’ ಎಂದರು. ದೊಡ್ಡ ತಾಕು ಸಗಟು ಬೆಳೆಗೆ ಅವರದೇ, ರಸ್ತೆಯ ಕಡೆಯ ಮಡಿಗಳು ನನ್ನವು ಎಂದು ತೀರ್ಮಾನವಾಯಿತು. ಎಲ್ಲವನ್ನೂ ಒಂದೇ ಸಲ ಬದಲಿಸದೆ ಹೀಗೆ ಪಾಲು ಮಾಡಿಕೊಂಡದ್ದು ನನಗೂ ಒಳ್ಳೆಯದೇ ಆಯಿತು. ಮಳಿಗೆ ಮುಚ್ಚಿದ ತಿಂಗಳುಗಳಲ್ಲಿ ಮನೆ ನಡೆಯುವುದು ಆ ತಾಕಿನಿಂದಲೇ.

ಅಜ್ಜನ ಕೊಡುಗೆ ಒಂದು ನೋಟ್‌ಬುಕ್. ಯಾವ ವರ್ಷ ಯಾವ ಮೂಲೆಯಲ್ಲಿ ಏನಿತ್ತು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಗಿಡ ಸೊರಗಿತು ಎಂಬುದೆಲ್ಲ ಅದರಲ್ಲಿದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಉಳಿದು ಇವೆಲ್ಲಕ್ಕೂ ತಗಲುತ್ತದೆ. ಆದ್ದರಿಂದ ಈ ನಾಲ್ಕರಲ್ಲಿ ಒಂದು ಬೆಳೆದ ಮಡಿಗೆ ಕನಿಷ್ಠ ಮೂರು ವರ್ಷ ನಾಲ್ಕರಲ್ಲಿ ಯಾವುದನ್ನೂ ಮತ್ತೆ ತರುವುದಿಲ್ಲ. ಹತ್ತಾರು ಸಣ್ಣ ಮಡಿಗಳಿರುವಾಗ ಇದನ್ನು ನೆನಪಿನ ಮೇಲೆ ನಡೆಸಲಾಗದು, ಬರೆದಿಡಲೇಬೇಕು.

ಮಾರಾಟದ ದಿನದ ಕೊಯ್ಲಿಗೂ ಒಂದು ಸರದಿಯಿದೆ. ಬಿಸಿಲೇರುವ ಮೊದಲು ಸೊಪ್ಪು. ಕಿತ್ತ ಕೂಡಲೇ ತಣ್ಣೀರಿನಲ್ಲಿ ಅದ್ದಿ, ಕೊಡವಿ, ನೆರಳಿನಲ್ಲಿಟ್ಟು ಒದ್ದೆ ಗೋಣಿ ತಾಟು ಹೊದಿಸುತ್ತೇವೆ. ಹುರುಳಿಕಾಯಿಗೆ ಮಾತ್ರ ಕಾಯಬೇಕು. ಇಬ್ಬನಿಯಲ್ಲಿ ನೆನೆದ ಗಿಡಗಳ ನಡುವೆ ಓಡಾಡಿದರೆ ಎಲೆಯ ರೋಗ ಗಿಡದಿಂದ ಗಿಡಕ್ಕೆ ಕೈಯಲ್ಲೇ ಹರಡುತ್ತದೆ, ಅದಕ್ಕಾಗಿ ಎಲೆ ಪೂರ್ತಿ ಒಣಗಿದ ಮೇಲೆಯೇ ಬಿಡಿಸುತ್ತೇವೆ. ಸೌತೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಲಿತ ಕಾಯಿಯ ಬೀಜಕ್ಕೇ ಬಳ್ಳಿಯ ಸತ್ವ ಹೋಗಿ ಹೊಸ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಕೊಳ್ಳುವ ಗಿರಾಕಿ ಇರಲಿ, ಇಲ್ಲದಿರಲಿ, ಕಾಯಿ ಬಳ್ಳಿಯಿಂದ ಇಳಿಯಲೇಬೇಕು.

ಸಿಹಿ ಜೋಳ ಅಮ್ಮನ ಕೆಲಸ. ತೆನೆಯ ತುದಿಯ ಕೂದಲು ಕಂದಾಗಿ ಒಣಗಿರಬೇಕು. ಅಮ್ಮ ಒಂದು ತೆನೆಯ ಸಿಪ್ಪೆಯನ್ನು ಬೆರಳಗಲ ಸರಿಸಿ ಕಾಳಿಗೆ ಉಗುರು ಒತ್ತುತ್ತಾರೆ. ನೀರು ಚಿಮ್ಮಿದರೆ ಇನ್ನೂ ಎಳೆಯದು, ಹಾಲು ಬಂದರೆ ಹದ, ಹಿಟ್ಟಿನಂತೆ ಮುದ್ದೆಯಾದರೆ ಹೊತ್ತು ಮೀರಿತು. ಮುರಿದ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಬಿಸಿಲಿಗೆ ಇನ್ನೂ ಬೇಗ. ಆದ್ದರಿಂದ ಒಂದೇ ಸಲ ರಾಶಿ ಹಾಕದೆ, ಮೇಜಿನ ಮೇಲಿನದು ಕರಗಿದಂತೆ ಮುರಿದು ತರುತ್ತೇವೆ. ದೂರದ ಮಾರುಕಟ್ಟೆಗೆ ಸಾಧ್ಯವಾಗದ ಈ ರುಚಿಯನ್ನು ಕೊಡಬಲ್ಲೆವು ಎಂಬುದು ನಮ್ಮ ಮಳಿಗೆಯ ಬಗ್ಗೆ ನನಗಿರುವ ದೊಡ್ಡ ಹೆಮ್ಮೆ. ಟೊಮೆಟೊವನ್ನು ಫ್ರಿಜ್‌ನಲ್ಲಿ ಇಡಬೇಡಿ ಎಂದು ಕೊಂಡವರಿಗೆಲ್ಲ ಹೇಳಿ ಕಳುಹಿಸುವುದೂ ಅಮ್ಮನೇ. ಆ ಚಳಿಗೆ ಅದರ ಪರಿಮಳ ಕುಂದುತ್ತದೆ.

ಈಗ ಮಗಳು ಅಜ್ಜನ ನೋಟ್‌ಬುಕ್ಕಿಗೆ ಹೊಸ ಅಂಕಣವೊಂದನ್ನು ಸೇರಿಸಿದ್ದಾಳೆ: ಯಾವ ತರಕಾರಿ ಎಷ್ಟು ಹೊತ್ತಿಗೆ ಮುಗಿಯಿತು. ಎಷ್ಟು ಮಾರಿದೆವು ಎಂಬ ಲೆಕ್ಕಕ್ಕಿಂತ ಇದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಬೆಳಿಗ್ಗೆಯೇ ಮುಗಿದದ್ದಕ್ಕೆ ಮಡಿ ಹೆಚ್ಚಬೇಕು, ಸಂಜೆಗೂ ಉಳಿದದ್ದಕ್ಕೆ ಕಡಿಮೆಯಾಗಬೇಕು. ಅದನ್ನು ನೋಡಿ ಈ ಬಾರಿ ಮೂಲಂಗಿಯನ್ನು ಅರ್ಧಕ್ಕೆ ಇಳಿಸಿ ಸೊಪ್ಪನ್ನು ಹೆಚ್ಚಿಸಿದ್ದೇನೆ. ಹುರುಳಿಕಾಯಿಗೆ ಜಾಗ ಸಾಲದು. ದೊಡ್ಡ ತಾಕಿನ ಅಂಚಿನ ಒಂದು ಪಟ್ಟಿ ಕೊಡಿ ಎಂದು ಅಪ್ಪನನ್ನು ಕೇಳಿದ್ದೇನೆ. ಮುಂದಿನ ಉಳುಮೆಗೆ ಮೊದಲು ಹೇಳುತ್ತೇನೆ ಎಂದಿದ್ದಾರೆ.