ಮೈಲೋಮಾ: ಚಿಕಿತ್ಸೆಗೆ ಮುನ್ನ ತೆಗೆದ ರಕ್ತ ಮತ್ತು ನನ್ನ ಅನುಭವ

ರೋಗಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಜೀವಕೋಶಗಳ ಕ್ಯಾನ್ಸರ್, ಖಚಿತವಾದ ಕೂಡಲೇ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಮೊದಲ ಮಾತ್ರೆಗೂ ಮುನ್ನ, ಬೀಟಾ-2 ಮೈಕ್ರೋಗ್ಲೋಬ್ಯುಲಿನ್, ಆಲ್ಬುಮಿನ್, ಎಲ್‌ಡಿಎಚ್ (ಜೀವಕೋಶಗಳೊಳಗಿನ ಒಂದು ಕಿಣ್ವ), ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ) ಮತ್ತು ಫ್ರೀ ಲೈಟ್ ಚೈನ್ (ಪ್ರತಿಕಾಯಕ್ಕೆ ಸೇರದೆ ಬಿಡಿಯಾಗಿರುವ ತುಣುಕುಗಳು) ಪರೀಕ್ಷೆಗಳಿಗೆ ಒಂದೇ ಸಲ ರಕ್ತ ತೆಗೆಸುವುದು ನನ್ನ ಕ್ರಮ. ಚಿಕಿತ್ಸೆ ಆರಂಭವಾದ ಮೇಲೆ ಆ ಮೊದಲ ಅಂಕಿಗಳು ಮತ್ತೆ ಸಿಗುವುದಿಲ್ಲ.

2005ರ ಅಂತರರಾಷ್ಟ್ರೀಯ ಹಂತನಿರ್ಣಯಕ್ಕೆ ಬೇಕಾದದ್ದು ಎರಡೇ ಅಂಕಿ. ಬೀಟಾ-2 ಲೀಟರಿಗೆ 3.5 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಆಲ್ಬುಮಿನ್ ಡೆಸಿಲೀಟರಿಗೆ ಕನಿಷ್ಠ 3.5 ಗ್ರಾಂ ಇದ್ದರೆ ಮೊದಲ ಹಂತ, ಬೀಟಾ-2 5.5 ಮುಟ್ಟಿದರೆ ಮೂರನೆಯದು, ಉಳಿದವರೆಲ್ಲ ಎರಡನೆಯದು. 2015ರ ಪರಿಷ್ಕರಣೆಯು ಎಲ್‌ಡಿಎಚ್ ಅನ್ನೂ ಅಸ್ಥಿಮಜ್ಜೆಯ ಫಿಶ್ ಪರೀಕ್ಷೆಯಲ್ಲಿ (ವರ್ಣತಂತುಗಳಿಗೆ ಹೊಳೆಯುವ ಗುರುತು ಹಚ್ಚಿ ನೋಡುವುದು) ಕಾಣುವ ಅಪಾಯದ ವರ್ಣತಂತು ದೋಷಗಳನ್ನೂ ಸೇರಿಸಿತು; ಇದರಲ್ಲಿ ಬೀಟಾ-2 5.5 ಮುಟ್ಟಿದ್ದರೂ ಈ ಎರಡರಲ್ಲಿ ಒಂದಾದರೂ ಜೊತೆಗಿದ್ದರೆ ಮಾತ್ರ ಮೂರನೆಯ ಹಂತ, ಇಲ್ಲವಾದರೆ ಎರಡನೆಯದು. ಆ ಅಧ್ಯಯನದಲ್ಲಿ ಐದು ವರ್ಷ ಬದುಕಿದವರು ಮೂರು ಹಂತಗಳಲ್ಲಿ ಕ್ರಮವಾಗಿ ಶೇ. 82, 62 ಮತ್ತು 40. ಮನೆಯವರ ಮುಂದೆ ನಾವು ಆಡುವ ಮಾತು ಈ ಅಂಕಿಗಳನ್ನೇ ಆಧರಿಸಿರುತ್ತದೆ.

ಬೆನ್ನುನೋವಿಗೆಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ, ಮೂತ್ರಪಿಂಡ ಸೋತ ಸ್ಥಿತಿಯಲ್ಲಿ ಬಂದ ರೈತರೊಬ್ಬರ ಬೀಟಾ-2 9 ದಾಟಿತ್ತು, ಎಲ್‌ಡಿಎಚ್ ಮಿತಿ ಮೀರಿತ್ತು, ಫಿಶ್ ವರದಿಯಲ್ಲಿ ಮಾತ್ರ ಅಪಾಯದ ದೋಷವಿರಲಿಲ್ಲ. ಪರಿಷ್ಕೃತ ಮೂರನೆಯ ಹಂತವೆಂದು ಬರೆದು, ಅವರ ಮಗನಿಗೂ ಹಾಗೆಯೇ ತಿಳಿಸಿದೆ. ಮರುದಿನ ಪೊಟ್ಯಾಸಿಯಂ ಏಕೆ ಅಷ್ಟು ಏರಿದೆಯೆಂದು ಅನುಮಾನ ಬಂದು ಕೊಳವೆಯನ್ನು ತರಿಸಿ ನೋಡಿದರೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ನಸುಗೆಂಪಾಗಿತ್ತು: ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ರಕ್ತಕಣಗಳು ಒಡೆದು, ಅವುಗಳಲ್ಲಿ ಹೇರಳವಾಗಿರುವ ಎಲ್‌ಡಿಎಚ್ ಸೀರಮ್ಮಿಗೆ ಸೋರಿತ್ತು. ಹೊಸದಾಗಿ ತೆಗೆದ ರಕ್ತದಲ್ಲಿ ಅದು ಮಿತಿಯೊಳಗೇ ಇತ್ತು. ಹಂತ ಎರಡಕ್ಕೆ ಇಳಿಯಿತು. ಮಗನನ್ನು ಕರೆಸಿ, ತಪ್ಪಾಯಿತೆಂದು ಹೇಳಿದೆ. ಅಂದಿನಿಂದ ಸೀರಮ್ಮಿನ ಬಣ್ಣವನ್ನು ವಿಚಾರಿಸದೆ ಎಲ್‌ಡಿಎಚ್ ಅಂಕಿಯನ್ನು ಕಡತಕ್ಕೆ ಏರಿಸಿಲ್ಲ.

ಬೀಟಾ-2 ವಿಷಯ ಇನ್ನೂ ತೊಡಕಿನದು. ಜೀವಕೋಶಗಳ ಮೇಲ್ಮೈಯಿಂದ ಕಳಚಿ ಬರುವ ಈ ಪುಟ್ಟ ಪ್ರೋಟೀನನ್ನು ಸೋಸಿ ತೆಗೆಯುವುದು ಮೂತ್ರಪಿಂಡ; ಆದ್ದರಿಂದ ಆ 9ರಲ್ಲಿ ರೋಗದ ಹೊರೆ ಎಷ್ಟು, ಮೂತ್ರಪಿಂಡದ ಸೋಲು ಎಷ್ಟು ಎಂದು ಬಿಡಿಸಿ ಹೇಳಲು ಆ ಒಂದೇ ಅಂಕಿಯಿಂದ ಆಗದು. ಹಂತವನ್ನು ನಾನು ತಿದ್ದುವುದಿಲ್ಲ, ಕ್ರಿಯಾಟಿನಿನ್ ಅನ್ನು ಪಕ್ಕದಲ್ಲೇ ಬರೆಯುತ್ತೇನೆ. ಲೈಟ್ ಚೈನಿನ ಎರಡು ಬಗೆಗಳಾದ ಕಪ್ಪಾ-ಲ್ಯಾಂಬ್ಡಾಗಳ ಅನುಪಾತಕ್ಕೂ ಇದೇ ಎಚ್ಚರ ಬೇಕು: ಸಾಮಾನ್ಯವಾಗಿ 0.26ರಿಂದ 1.65 ಇರುವ ಮಿತಿಯನ್ನು ಮೂತ್ರಪಿಂಡ ಸೋತವರಲ್ಲಿ 0.37ರಿಂದ 3.1 ಎಂದು ಓದಬೇಕಾಗುತ್ತದೆ.

ಚಿಕಿತ್ಸೆ ನಾಟುತ್ತಿದೆಯೇ ಎಂಬುದನ್ನು ಮೊದಲು ತಿಳಿಸುವುದೂ ಲೈಟ್ ಚೈನೇ. ಐಜಿಜಿ ಎಂಬ ಇಡೀ ಪ್ರತಿಕಾಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಹಿಡಿದರೆ, ಮೂತ್ರಪಿಂಡ ಸರಿಯಿರುವವರಲ್ಲಿ ಲೈಟ್ ಚೈನ್‌ಗೆ ಕೆಲವೇ ಗಂಟೆ ಸಾಕು. ಆದರೆ ಒಂದು ಕಿಟ್ಟಿನ ಅಂಕಿ ಇನ್ನೊಂದರದ್ದಕ್ಕೆ ತಾಳೆಯಾಗುವುದಿಲ್ಲ. ಆದ್ದರಿಂದ ದೂರವಾದರೂ ಮೊದಲು ಕೊಟ್ಟ ಪ್ರಯೋಗಾಲಯದಲ್ಲೇ ಪ್ರತಿಸಲವೂ ರಕ್ತ ಕೊಡಿ ಎಂದು ಆ ರೈತರಿಗೆ ಕೇಳಿಕೊಂಡೆ. ಅವರು ಹಾಗೆಯೇ ಮಾಡುತ್ತಿದ್ದಾರೆ.